ಓಎಸ್ ಹೊಸದಾಯಿತು, ಪ್ಲಗಿನ್ ಎಲ್ಲಿ ಹೋಯಿತು?

ರಾತ್ರಿ ಮಲಗುವ ಮುಂಚೆ ಕಂಪ್ಯೂಟರಿನ ಓಎಸ್ (ಆಪರೇಟಿಂಗ್ ಸಿಸ್ಟಂ) ಅಪ್‌ಗ್ರೇಡ್ ಮಾಡುವ ಬಟನ್ ಒತ್ತಿದ್ದೆ. ಬೆಳಿಗ್ಗೆ ಎದ್ದು ನೋಡಿದರೆ ಹೊಸ ವಾಲ್‌ಪೇಪರ್, ಹೊಸ ಐಕಾನ್, ಎಲ್ಲಾ ಹೊಳೆಯುತ್ತಿತ್ತು. ಅರ್ಧ ಮಿಕ್ಸ್ ಮಾಡಿಟ್ಟಿದ್ದ ಹಾಡಿನ ಪ್ರಾಜೆಕ್ಟ್ ತೆರೆದೆ. ಗಾಯನದ ಟ್ರ್ಯಾಕ್‌ನಲ್ಲಿ ನಾಲ್ಕು ಪ್ಲಗಿನ್, ಅಂದರೆ ದನಿಯನ್ನು ತಿದ್ದುವ ಪುಟ್ಟ ಸಾಫ್ಟ್‌ವೇರ್‌ಗಳು, ಇರಬೇಕಿತ್ತು. ಮೂರು ಇದ್ದವು. ನಾಲ್ಕನೆಯದರ ಜಾಗದಲ್ಲಿ ಹೆಸರೊಂದೇ ಉಳಿದಿತ್ತು, ಅದೂ ಮಂಕು ಬೂದು ಬಣ್ಣದಲ್ಲಿ. ಕ್ಲಿಕ್ ಮಾಡಿದರೆ ಏನೂ ತೆರೆಯಲಿಲ್ಲ. ಪ್ಲೇ ಒತ್ತಿದೆ. ಕಾಣೆಯಾದದ್ದು ರೀವರ್ಬ್, ದನಿಗೆ ಅನುರಣನ ಕೊಡುವ ಪ್ಲಗಿನ್. ಅದಿಲ್ಲದ ದನಿ ಬೋಳುಬೋಳಾಗಿ ಕೇಳಿಸಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರಲ್ಲ, ಹಾಗೆ.

ಆಮೇಲೆ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಡೌನ್‌ಲೋಡ್ಸ್ ಫೋಲ್ಡರ್‌ನಲ್ಲಿ ಎಂದೋ ಬಿದ್ದಿದ್ದ ಇನ್‌ಸ್ಟಾಲರ್ ಹುಡುಕಿ ಮತ್ತೆ ಓಡಿಸಿದೆ. ಇನ್‌ಸ್ಟಾಲ್ ಯಶಸ್ವಿ ಅಂತ ಹಸಿರು ಟಿಕ್ ಬಂತು. ಪ್ರಾಜೆಕ್ಟ್ ತೆರೆದರೆ ಅದೇ ಬೂದು ಹೆಸರು.

ಆ ಹಸಿರು ಟಿಕ್ ಹೇಳುವುದು ಇಷ್ಟೇ: ಫೈಲ್ ಒಂದು ಫೋಲ್ಡರ್‌ಗೆ ಕಾಪಿ ಆಯಿತು. ನಿಜ ಹೇಳಬೇಕೆಂದರೆ ಹಳೆಯ ಫೈಲ್ ಕೂಡ ಎಲ್ಲಿಗೂ ಹೋಗಿರಲಿಲ್ಲ, ಇದ್ದ ಜಾಗದಲ್ಲೇ ಇತ್ತು. ಬಾಗಿಲಲ್ಲಿ ಯಾರೋ ಅದನ್ನು ತಡೆದಿದ್ದರು. ಅಪ್‌ಗ್ರೇಡ್ ಆದ ಮೇಲೆ ಪ್ಲಗಿನ್ ಕೈಕೊಟ್ಟರೆ ನಾನು ಈಗ ಮೊದಲು ಕೇಳಿಕೊಳ್ಳುವ ಪ್ರಶ್ನೆ, ತಡೆದವರು ಯಾರು? ತಡೆಯಬಲ್ಲವರು ಐದಾರು ಜನ ಇದ್ದಾರೆ. ಒಬ್ಬೊಬ್ಬರ ಕಾರಣವೂ ಬೇರೆ, ಮದ್ದೂ ಬೇರೆ.

ಬೇರೆಯವರ ಮನೆಯಲ್ಲಿ ಬಾಡಿಗೆಗೆ

ಬ್ರೌಸರ್‌ನಂಥ ಪ್ರೋಗ್ರಾಂ ತನ್ನ ಕಾಲ ಮೇಲೆ ತಾನು ನಿಲ್ಲುತ್ತದೆ. ಪ್ಲಗಿನ್‌ಗೆ ಅದು ಆಗುವುದಿಲ್ಲ. ಅದು ಇನ್ನೊಂದು ಪ್ರೋಗ್ರಾಂನ ಮನೆಯೊಳಗೆ ಬಾಡಿಗೆಗಿರುವ ಕೋಡ್. ಮನೆಯ ಯಜಮಾನನಿಗೆ ಹೋಸ್ಟ್ ಅಂತ ಹೆಸರು. ಕ್ಯೂಬೇಸ್, ಲಾಜಿಕ್, ಏಬಲ್ಟನ್ ಲೈವ್, ಪ್ರೋ ಟೂಲ್ಸ್, ರೀಪರ್, ಎಫ್‌ಎಲ್ ಸ್ಟುಡಿಯೋ ಇವೆಲ್ಲ ಹೋಸ್ಟ್‌ಗಳೇ. ಹಾಡು ರೆಕಾರ್ಡ್, ಮಿಕ್ಸ್ ಮಾಡುವ ಇಂಥ ಪ್ರೋಗ್ರಾಂಗೆ ಡಿಜಿಟಲ್ ಆಡಿಯೋ ವರ್ಕ್‌ಸ್ಟೇಷನ್ ಅಂತ ಹೆಸರು, ಬಾಯಿಮಾತಿನಲ್ಲಿ ಡಾ ಅನ್ನುತ್ತೇವೆ.

ಬೇರೆ ಪ್ರೋಗ್ರಾಂ ಆಗಿಯೇ ಇದ್ದಿದ್ದರೆ ಏನಾಗುತ್ತಿತ್ತು? ಸಮಯ ಸಾಲುತ್ತಿರಲಿಲ್ಲ. ಸಿಡಿ ಗುಣಮಟ್ಟದ ಆಡಿಯೋದಲ್ಲಿ ಸೆಕೆಂಡಿಗೆ 44,100 ಸ್ಯಾಂಪಲ್, ಅಂದರೆ ದನಿಯ ಅಳತೆಗಳು, ಇರುತ್ತವೆ. ಬಫರ್ 128 ಅಂತ ಇಟ್ಟುಕೊಂಡಿದ್ದೀರಿ ಅನ್ನಿ. ಡಾ ಒಂದು ಸಲಕ್ಕೆ 128 ಸ್ಯಾಂಪಲ್ ಎತ್ತಿಕೊಳ್ಳುತ್ತದೆ, ಎಲ್ಲಾ ಟ್ರ್ಯಾಕ್‌ಗಳ ಎಲ್ಲಾ ಪ್ಲಗಿನ್‌ಗಳ ಮೂಲಕ ಹಾಯಿಸುತ್ತದೆ, ಕೂಡಿಸಿ ಸ್ಪೀಕರ್ ಕಡೆ ಕಳಿಸುತ್ತದೆ. ಇಷ್ಟಕ್ಕೂ ಸಿಗುವ ಸಮಯ ಸುಮಾರು 2.9 ಮಿಲಿಸೆಕೆಂಡ್. ಸ್ವಲ್ಪ ತಡವಾದರೂ ಪಟಪಟ ಸದ್ದು ಬರುತ್ತದೆ. ಈ ಅವಸರದಲ್ಲಿ ಆಡಿಯೋವನ್ನು ಪ್ರತಿ ಪ್ಲಗಿನ್‌ಗೂ ಹೊರಗೆ ಕಳಿಸಿ, ವಾಪಸ್ ತರಿಸಿಕೊಂಡು ಕೂರುವುದು ದುಬಾರಿ. ಹಾಗಾಗಿ ಹೆಚ್ಚಿನ ಡಾಗಳು ಪ್ಲಗಿನ್‌ನ ಕೋಡನ್ನು ತಮ್ಮ ಮೆಮೊರಿಯೊಳಗೇ ಎಳೆದುಕೊಳ್ಳುತ್ತವೆ.

ಅರ್ಧ ತಲೆನೋವು ಹುಟ್ಟುವುದು ಇಲ್ಲೇ. ಒಂದೇ ಮೆಮೊರಿಯಲ್ಲಿ ಇರಬೇಕಾದರೆ ಇಬ್ಬರೂ ಒಂದೇ ಥರದ ಕೋಡ್ ಆಗಿರಬೇಕು. 64 ಬಿಟ್ ಡಾ ಒಳಗೆ 32 ಬಿಟ್ ಪ್ಲಗಿನ್ ಕೂರುವುದಿಲ್ಲ. ಆಪಲ್ ಚಿಪ್‌ಗೆಂದು ಓಡುತ್ತಿರುವ ಡಾ ಒಳಗೆ ಇಂಟೆಲ್‌ಗೆಂದು ಬರೆದ ಪ್ಲಗಿನ್ ಕೂರುವುದಿಲ್ಲ. ಇದೊಂದು ನೆನಪಿದ್ದರೆ ಮುಂದಿನದೆಲ್ಲಾ ಸಲೀಸು.

32 ಬಿಟ್‌ನವರು

32 ಬಿಟ್ ಪ್ರೋಗ್ರಾಂಗೆ 4 ಜಿಬಿಗಿಂತ ಜಾಸ್ತಿ ಮೆಮೊರಿಯ ವಿಳಾಸ ಬರೆಯಲು ಅಂಕಿಯೇ ಸಾಲುವುದಿಲ್ಲ. ದೊಡ್ಡ ಸ್ಯಾಂಪಲ್ ಲೈಬ್ರರಿಗಳು (ವಾದ್ಯಗಳ ದನಿ ರೆಕಾರ್ಡ್ ಮಾಡಿಟ್ಟ ಸಂಗ್ರಹಗಳು) ಬಂದ ಮೇಲೆ ಸಂಗೀತದವರು ಬೇಗ ಈ ಗೋಡೆಗೆ ಗುದ್ದಿಕೊಂಡರು, ನಿಧಾನವಾಗಿ ಎಲ್ಲರೂ 64ಕ್ಕೆ ದಾಟಿದರು. ಆಪಲ್ ಮಾತ್ರ 2019ರ ಅಕ್ಟೋಬರ್‌ನಲ್ಲಿ ಮ್ಯಾಕ್‌ಓಎಸ್ ಕ್ಯಾಟಲಿನಾ ಬಿಡುಗಡೆ ಮಾಡಿದಾಗ 32 ಬಿಟ್ ಬಾಗಿಲನ್ನು ಪೂರ್ತಿ ಮುಚ್ಚಿತು. ಹಿಂದಿನ ದಿನದವರೆಗೆ ಅದರ ಹಿಂದಿನ ಆವೃತ್ತಿ ಮೊಹಾವಿಯಲ್ಲಿ ಓಡುತ್ತಿದ್ದ ಪ್ಲಗಿನ್, ಅಪ್‌ಗ್ರೇಡ್ ಆದ ಮರುಕ್ಷಣ ನಿಂತಿತು. ಯಾರೋ ಒಬ್ಬರು ಬಿಡುವಿನಲ್ಲಿ ಬರೆದು ಉಚಿತವಾಗಿ ಕೊಟ್ಟು, ಆಮೇಲೆ ಕೈಬಿಟ್ಟ ಎಷ್ಟೋ ಒಳ್ಳೆಯ ಪ್ಲಗಿನ್‌ಗಳ ಕಥೆ ಮ್ಯಾಕ್ ಮಟ್ಟಿಗೆ ಅಲ್ಲಿಗೇ ಮುಗಿಯಿತು.

ವಿಂಡೋಸ್‌ನಲ್ಲಿ ಆಟ ಬೇರೆ. ವಿಂಡೋಸ್ 11 ಬರುವುದೇ 64 ಬಿಟ್‌ನಲ್ಲಿ. ಆದರೂ ಅದು 32 ಬಿಟ್ ಪ್ರೋಗ್ರಾಂಗಳನ್ನು ಓಡಿಸುತ್ತದೆ. ಮತ್ತೆ ಹಳೆಯ ಪ್ಲಗಿನ್ ಯಾಕೆ ಕಾಣುವುದಿಲ್ಲ? ಇಲ್ಲಿ ತಡೆದದ್ದು ಓಎಸ್ ಅಲ್ಲ, ಡಾ. ಏಬಲ್ಟನ್ ಲೈವ್ 2018ರ 10ನೇ ಆವೃತ್ತಿಯಿಂದ 64 ಬಿಟ್ ಮಾತ್ರ. ಹೊಸ ವಿಂಡೋಸ್ ಹಾಕಿದ ಖುಷಿಯಲ್ಲಿ ಡಾ ಕೂಡ ಹೊಸದು ಹಾಕಿರುತ್ತೀರಿ, ಬೈಗುಳ ಮಾತ್ರ ವಿಂಡೋಸ್‌ಗೆ ಬೀಳುತ್ತದೆ. ಜೆಬ್ರಿಜ್‌ನಂಥ ಸೇತುವೆ ಪ್ರೋಗ್ರಾಂಗಳು 32 ಬಿಟ್ ಪ್ಲಗಿನ್ ಅನ್ನು ಬೇರೆ ಕೋಣೆಯಲ್ಲಿ ಓಡಿಸಿ, ಆಡಿಯೋವನ್ನು ಅತ್ತಿಂದಿತ್ತ ಸಾಗಿಸುತ್ತವೆ. ರೀಪರ್‌ನಲ್ಲಿ ಈ ವ್ಯವಸ್ಥೆ ಒಳಗೇ ಇದೆ. ಕೆಲಸ ಮಾಡುತ್ತದೆ, ಸುಳ್ಳಲ್ಲ. ಆದರೆ ನಾನಾದರೆ ಹಳೆಯ ಪ್ರಾಜೆಕ್ಟ್ ತೆರೆದು ಆಡಿಯೋ ಹೊರತೆಗೆಯಲಷ್ಟೇ ಇದನ್ನು ಬಳಸುತ್ತೇನೆ. ಹೊಸ ಹಾಡನ್ನು ಇದರ ಮೇಲೆ ಕಟ್ಟಲು ಧೈರ್ಯ ಸಾಲದು.

ಚಿಪ್ ಬದಲಾದಾಗ

2020ರ ನವೆಂಬರ್‌ನಲ್ಲಿ ಇಂಟೆಲ್ ಬದಲು ಆಪಲ್‌ನದೇ ಎಂ1 ಚಿಪ್ ಇರುವ ಮ್ಯಾಕ್‌ಗಳು ಬಂದವು. ಇಂಟೆಲ್ ಚಿಪ್‌ಗೆ ಬರೆದ ಕೋಡನ್ನು ಈ ಚಿಪ್‌ಗೆ ಅರ್ಥವಾಗುವಂತೆ ತಿರುಗಿಸಿಕೊಡಲು ರೊಸೆಟಾ 2 ಅಂತ ಒಂದು ವ್ಯವಸ್ಥೆಯನ್ನು ಆಪಲ್ ಜೊತೆಗೇ ಕೊಟ್ಟಿತು. ರೊಸೆಟಾ ಇದೆಯಲ್ಲ, ಎಲ್ಲಾ ಹಳೆಯ ಪ್ಲಗಿನ್ ಓಡುತ್ತವೆ ಅಂತ ಜನ ಅಂದುಕೊಂಡರು. ಅಲ್ಲೇ ಎಡವಿದ್ದು.

ರೊಸೆಟಾ ತಿರುಗಿಸುವುದು ಇಡೀ ಪ್ರೋಗ್ರಾಂ ಅನ್ನು. ಅರ್ಧ ಇದು, ಅರ್ಧ ಅದು ಅಂತ ಕಲಸುವುದಿಲ್ಲ. ಡಾ ಆಪಲ್ ಚಿಪ್‌ಗೆಂದೇ ಓಡುತ್ತಿದ್ದರೆ, ಇಂಟೆಲ್‌ಗೆ ಬರೆದ ವಿಎಸ್‌ಟಿ (ಪ್ಲಗಿನ್‌ನ ಒಂದು ಬಗೆ) ಒಂದನ್ನು ಅದರೊಳಗೆ ತಿರುಗಿಸಿ ಕೂರಿಸಲು ಬರುವುದಿಲ್ಲ. ಪ್ಲಗಿನ್ ಪಟ್ಟಿಯಲ್ಲೇ ಕಾಣುವುದಿಲ್ಲ. ದಾರಿ ಏನೆಂದರೆ ಡಾ ಐಕಾನ್ ಆರಿಸಿ, ಗೆಟ್ ಇನ್ಫೋ ತೆರೆದು, 'ಓಪನ್ ಯೂಸಿಂಗ್ ರೊಸೆಟಾ' ಅನ್ನುವ ಚೌಕದಲ್ಲಿ ಟಿಕ್ ಹಾಕುವುದು. ಆಗ ಡಾ ಪೂರ್ತಿಯಾಗಿ ಇಂಟೆಲ್ ವೇಷ ಹಾಕಿಕೊಂಡು ಏಳುತ್ತದೆ, ಹಳೆಯ ಪ್ಲಗಿನ್‌ಗಳು ಕಾಣುತ್ತವೆ. ಕೆಲಸ ಸ್ವಲ್ಪ ಭಾರವಾಗುತ್ತದೆ, ಫ್ಯಾನ್ ಇದ್ದರೆ ಕೇಳಿಸುತ್ತದೆ. ಆಪಲ್ ಚಿಪ್‌ಗೆ ಮಾತ್ರ ಬರೆದ ಪ್ಲಗಿನ್ ಯಾವುದಾದರೂ ಇದ್ದರೆ ಈಗ ಅದು ಮಾಯ!

ಲಾಜಿಕ್‌ನಲ್ಲಿ ಕಥೆ ಸ್ವಲ್ಪ ಬೇರೆ. ಅದು ಇಂಟೆಲ್‌ಗೆ ಬರೆದ ಆಡಿಯೋ ಯೂನಿಟ್‌ಗಳನ್ನು (ಆಪಲ್‌ನ ಪ್ಲಗಿನ್ ಬಗೆ) ಪಕ್ಕದಲ್ಲೇ ಬೇರೆ ಪ್ರೊಸೆಸ್‌ನಲ್ಲಿ ರೊಸೆಟಾ ಮೂಲಕ ಓಡಿಸಿ, ಆಡಿಯೋ ತರಿಸಿಕೊಳ್ಳುತ್ತದೆ. ರೀಪರ್, ಬಿಟ್‌ವಿಗ್ ಕೂಡ ಇಂಥದೇ ಉಪಾಯ ಮಾಡುತ್ತವೆ. ಹಾಗಾಗಿ ಒಂದೇ ಮಷೀನಿನಲ್ಲಿ, ಒಂದೇ ಪ್ಲಗಿನ್, ಒಂದು ಡಾದಲ್ಲಿ ಕಾಣುತ್ತದೆ, ಇನ್ನೊಂದರಲ್ಲಿ ಕಾಣುವುದಿಲ್ಲ. ಪ್ಲಗಿನ್ ಕೆಟ್ಟಿಲ್ಲ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ನಿಮ್ಮ ಡಾ ಯಾವ ವೇಷದಲ್ಲಿದೆ ಅಂತ ತಿಳಿಯಲು ಆಕ್ಟಿವಿಟಿ ಮಾನಿಟರ್ ತೆರೆದು 'ಕೈಂಡ್' ಕಾಲಂ ನೋಡಿ. ಆಪಲ್ ಅಥವಾ ಇಂಟೆಲ್ ಅಂತ ಬರೆದಿರುತ್ತದೆ.

ಈ ಸೌಕರ್ಯವೂ ಶಾಶ್ವತವಲ್ಲ. ರೊಸೆಟಾವನ್ನು ಈಗಿನ ರೂಪದಲ್ಲಿ ಮ್ಯಾಕ್‌ಓಎಸ್ 27ರವರೆಗೆ ಮಾತ್ರ ಇಡುವುದಾಗಿ ಆಪಲ್ 2025ರಲ್ಲೇ ಹೇಳಿದೆ. ರೊಸೆಟಾ ನಂಬಿಕೊಂಡು ಓಡುತ್ತಿರುವ ಪ್ಲಗಿನ್ ನಿಮ್ಮಲ್ಲಿ ಯಾವುದಿದೆ ಅಂತ ಒಂದು ಸಂಜೆ ಕೂತು ಪಟ್ಟಿ ಮಾಡುವುದು ಈಗಲೇ ಒಳ್ಳೆಯದು.

ಕಾವಲುಗಾರ, ಬೀಗದ ಕೈ

ಕೋಡ್ ಸರಿ ಇದ್ದರೂ ಓಎಸ್‌ನ ಕಾವಲುಗಾರ ಒಪ್ಪಬೇಕು. ಮ್ಯಾಕ್‌ನಲ್ಲಿ ಗೇಟ್‌ಕೀಪರ್ ಅಂತಲೇ ಅವನ ಹೆಸರು. ಕ್ಯಾಟಲಿನಾದಿಂದ ಈಚೆಗೆ, ಪ್ಲಗಿನ್ ಮಾಡಿದವರು ಅದನ್ನು ಆಪಲ್‌ಗೆ ಕಳಿಸಿ ತಪಾಸಣೆಯ ಮುದ್ರೆ ಹಾಕಿಸಿಕೊಂಡಿರಬೇಕು ಅನ್ನುವ ನಿಯಮ ಬಿಗಿಯಾಯಿತು. ಇಂಟರ್ನೆಟ್‌ನಿಂದ ಇಳಿಸಿದ ಫೈಲ್‌ಗೆ ಒಂದು ಗುರುತು ಅಂಟಿಕೊಂಡಿರುತ್ತದೆ. ಗುರುತು ಇದೆ, ಮುದ್ರೆ ಇಲ್ಲ ಅಂದರೆ ತಡೆ ಬೀಳುತ್ತದೆ. ಮೊದಲು ಕಂಟ್ರೋಲ್ ಒತ್ತಿ ಕ್ಲಿಕ್ ಮಾಡಿ ತೆರೆಯುವ ಒಳದಾರಿ ಇತ್ತು. 2024ರ ಮ್ಯಾಕ್‌ಓಎಸ್ ಸೆಕೋಯಾದಲ್ಲಿ ಅದನ್ನೂ ತೆಗೆದರು. ಈಗ ಸಿಸ್ಟಂ ಸೆಟ್ಟಿಂಗ್ಸ್‌ನ ಪ್ರೈವಸಿ ಅಂಡ್ ಸೆಕ್ಯುರಿಟಿ ಪುಟದ ಕೆಳಗೆ ಹೋಗಿ ಅನುಮತಿ ಕೊಡಬೇಕು. ಗೊತ್ತಿರುವವರು ಮಾಡಿದ ಪ್ಲಗಿನ್‌ಗಾದರೆ ಕೊಡಿ. ಎಲ್ಲೋ ಸಿಕ್ಕ ಕ್ರ್ಯಾಕ್ ಮಾಡಿದ ಫೈಲ್‌ಗೆ ಕೊಟ್ಟರೆ ಕಾವಲುಗಾರನನ್ನು ಇಟ್ಟುಕೊಂಡು ಏನು ಬಂತು.

ಇನ್ನೊಂದು ವಿಚಿತ್ರ ಕೇಳಿ. ಪ್ಲಗಿನ್ ತೆರೆದಿದೆ, ಟ್ರ್ಯಾಕ್ ರೆಕಾರ್ಡ್‌ಗೆ ಸಿದ್ಧವಿದೆ, ಮೈಕ್ ಮುಂದೆ ಕೂಗಿದರೂ ಮೀಟರ್ ಅಲ್ಲಾಡುವುದಿಲ್ಲ. ಎರರ್ ಕೂಡ ಇಲ್ಲ. ಮೊಹಾವಿಯಿಂದ ಈಚೆಗೆ ಮೈಕ್ ಮುಟ್ಟಲು ಪ್ರತಿ ಪ್ರೋಗ್ರಾಂಗೂ ಒಪ್ಪಿಗೆ ಬೇಕು. ಒಪ್ಪಿಗೆ ಇಲ್ಲದಿದ್ದರೆ ಡಾಗೆ ಸಿಗುವುದು ಬರೀ ಮೌನ. ನಾವು ಆಂಪ್ ಪ್ಲಗಿನ್ ಅನ್ನು ಬೈಯುತ್ತಾ ಕೂರುತ್ತೇವೆ.

ಕಾವಲುಗಾರನ ನಂತರ ಬೀಗದ ಕೈ, ಅಂದರೆ ಲೈಸೆನ್ಸ್. ಎಷ್ಟೋ ಪ್ಲಗಿನ್‌ಗಳು ನಿಮ್ಮ ಕಂಪ್ಯೂಟರಿನ ಕೆಲವು ಗುರುತುಗಳನ್ನು ಕೂಡಿಸಿ ಒಂದು ಬೆರಳಚ್ಚು ಮಾಡಿಕೊಂಡಿರುತ್ತವೆ. ಅಪ್‌ಗ್ರೇಡ್‌ನಲ್ಲಿ ಆ ಗುರುತು ಬದಲಾದರೆ, ಇದು ಬೇರೆ ಮಷೀನು ಅಂತ ತಿಳಿಯುತ್ತವೆ. ಐಲಾಕ್‌ನಂಥ ವ್ಯವಸ್ಥೆ ಇದ್ದರೆ ಅದರ ಲೈಸೆನ್ಸ್ ಮ್ಯಾನೇಜರ್ ಅನ್ನು ಮೊದಲು ಹೊಸದು ಮಾಡಿ, ಆಮೇಲೆ ಪ್ಲಗಿನ್ ಕಡೆ ನೋಡಿ. ತಿರುವುಮುರುವು ಮಾಡಿದರೆ ಅರ್ಧ ದಿನ ಹೋಗುತ್ತದೆ. ಲೈಸೆನ್ಸ್ ವ್ಯವಸ್ಥೆಗೂ ಆಯಸ್ಸು ಇದೆ. ಕ್ಯೂಬೇಸ್‌ಗೆ ಬಹಳ ವರ್ಷ ಜೊತೆಯಾಗಿದ್ದ ಇಲೈಸೆನ್ಸರ್ ಸೇವೆ 2025ರ ಮೇನಲ್ಲಿ ಮುಗಿಯಿತು.

ಹೆಸರು ಒಂದೇ, ಆಳು ಬೇರೆ

ಇನ್ನು ಫಾರ್ಮ್ಯಾಟ್. ಪ್ಲಗಿನ್ ಮತ್ತು ಡಾ ಮಾತಾಡಿಕೊಳ್ಳುವ ಭಾಷೆ ಅನ್ನಿ. ಸ್ಟೈನ್‌ಬರ್ಗ್ ಕಂಪನಿ 1996ರಲ್ಲಿ ವಿಎಸ್‌ಟಿ ತಂದಿತು, 2008ರಲ್ಲಿ ವಿಎಸ್‌ಟಿ 3. ಆಪಲ್‌ನದು ಆಡಿಯೋ ಯೂನಿಟ್. ಪ್ರೋ ಟೂಲ್ಸ್‌ಗೆ ಎಎಎಕ್ಸ್. 2022ರಲ್ಲಿ ಯು-ಹಿ ಮತ್ತು ಬಿಟ್‌ವಿಗ್ ಕಂಪನಿಗಳು ಸೇರಿ ಕ್ಲ್ಯಾಪ್ ಅಂತ ಇನ್ನೊಂದನ್ನು ತಂದರು. ವಿಎಸ್‌ಟಿ 2ರ ಡೆವಲಪರ್ ಕಿಟ್ ಹಂಚುವುದನ್ನು ಸ್ಟೈನ್‌ಬರ್ಗ್ 2018ರಲ್ಲಿ ನಿಲ್ಲಿಸಿತು. ತನ್ನ ಡಾಗಳಿಂದಲೂ ಅದನ್ನು ತೆಗೆಯುವುದಾಗಿ 2022ರ ಆರಂಭದಲ್ಲಿ ಹೇಳಿತು.

ನನ್ನ ರೀವರ್ಬ್ ಸಿಕ್ಕಿಬಿದ್ದದ್ದು ಇಲ್ಲಿ. ನಡೆದದ್ದು ಹೀಗೆ. ಹಳೆಯ ಆವೃತ್ತಿ ಹೊಸ ಓಎಸ್‌ನಲ್ಲಿ ಸ್ಕ್ಯಾನ್ ಆಗುವಾಗಲೇ ಕ್ರ್ಯಾಶ್ ಆಗಿತ್ತು. ಡಾ ಶುರುವಾಗುವಾಗ ಪ್ಲಗಿನ್‌ಗಳನ್ನು ಒಂದೊಂದಾಗಿ ಎಬ್ಬಿಸಿ ನೋಡುತ್ತದೆ. ಎದ್ದವರ ಹೆಸರು ಒಂದು ಪಟ್ಟಿಗೆ, ಬಿದ್ದವರ ಹೆಸರು ಇನ್ನೊಂದು ಪಟ್ಟಿಗೆ. ಬಿದ್ದವರನ್ನು ಸುಮ್ನೆ ಮತ್ತೆ ಮತ್ತೆ ಎಬ್ಬಿಸಲು ಹೋಗುವುದಿಲ್ಲ. ನಾನು ಅದೇ ಹಳೆಯ ಇನ್‌ಸ್ಟಾಲರ್ ಓಡಿಸಿದ್ದು ಮೊದಲ ದಡ್ಡತನ. ಆಮೇಲೆ ಹೊಸ ಆವೃತ್ತಿ ತಂದು ಹಾಕಿದೆ, ಆದರೂ ಕಾಣಲಿಲ್ಲ. ಡಾ ಹಳೆಯ ಪಟ್ಟಿಯನ್ನೇ ಹಿಡಿದುಕೊಂಡು ಕೂತಿತ್ತು. ಪ್ಲಗಿನ್ ಮ್ಯಾನೇಜರ್ ತೆರೆದು, ಎಲ್ಲವನ್ನೂ ಮೊದಲಿಂದ ಸ್ಕ್ಯಾನ್ ಮಾಡು ಅಂತ ಹೇಳಿದ ಮೇಲೆ ರೀವರ್ಬ್ ಪಟ್ಟಿಯಲ್ಲಿ ಬಂತು. ಅಬ್ಬಾ ಅಂದುಕೊಂಡು ಪ್ರಾಜೆಕ್ಟ್ ತೆರೆದೆ.

ಅದೇ ಬೂದು ಹೆಸರು.

ಹಳೆಯ ಆವೃತ್ತಿ ವಿಎಸ್‌ಟಿ 2. ಹೊಸದು ವಿಎಸ್‌ಟಿ 3 ಮಾತ್ರ. ನಮ್ಮ ಕಣ್ಣಿಗೆ ಎರಡೂ ಅದೇ ರೀವರ್ಬ್, ಅದೇ ಗುಂಡಿ, ಅದೇ ಬಣ್ಣ. ಪ್ರಾಜೆಕ್ಟ್ ಫೈಲ್ ಮಾತ್ರ ಹುಡುಕುವುದು ಒಳಗಿನ ಗುರುತಿನ ಸಂಖ್ಯೆಯನ್ನು, ಅದು ಎರಡಕ್ಕೂ ಬೇರೆ ಬೇರೆ. ಹಳೆಯದರ ಜಾಗಕ್ಕೆ ಹೊಸದು ತಾನಾಗಿ ಬರುವಂತೆ ಪ್ಲಗಿನ್ ಮಾಡಿದವರು ಏರ್ಪಾಡು ಮಾಡಬಹುದು, ಕೆಲವರು ಮಾಡಿರುತ್ತಾರೆ. ಇವರು ಮಾಡಿರಲಿಲ್ಲ. ನನ್ನ ಸೆಟ್ಟಿಂಗ್ ಪ್ರಾಜೆಕ್ಟ್ ಫೈಲ್ ಒಳಗೆ ಹಾಗೇ ಇತ್ತು, ಓದುವವರೇ ಇರಲಿಲ್ಲ.

ಯಾರು ತಡೆದರು ಅಂತ ಕಂಡುಹಿಡಿಯುವುದು

ಗೂಗಲ್ ಮಾಡುವ ಮುಂಚೆ ಎರಡು ನಿಮಿಷ ಪಟ್ಟಿಯನ್ನು ನೋಡಿ. ಕಾಣೆಯಾಗಿರುವುದು ಎಷ್ಟು, ಯಾರವು? ಎಲ್ಲಾ ಪ್ಲಗಿನ್ ಮಾಯವಾಗಿದ್ದರೆ ತಪ್ಪು ಯಾವುದೇ ಪ್ಲಗಿನ್‌ನದಲ್ಲ. ಡಾ ಬೇರೆ ಫೋಲ್ಡರ್ ನೋಡುತ್ತಿದೆ, ಇಲ್ಲವೇ ವೇಷ ಬದಲಾಗಿದೆ. ಒಂದೇ ಕಂಪನಿಯವು ಎಲ್ಲಾ ಹೋಗಿದ್ದರೆ ಆ ಕಂಪನಿಯ ಲೈಸೆನ್ಸ್ ವ್ಯವಸ್ಥೆಯ ಕಡೆ ಅನುಮಾನ ಪಡಿ. ಒಂದೇ ಫಾರ್ಮ್ಯಾಟ್‌ನವು ಹೋಗಿದ್ದರೆ ಡಾದ ಸೆಟ್ಟಿಂಗ್‌ನಲ್ಲಿ ಆ ಫಾರ್ಮ್ಯಾಟ್ ಆಫ್ ಆಗಿರಬಹುದು, ಅಥವಾ ಹೊಸ ಆವೃತ್ತಿ ಅದನ್ನು ಬಿಟ್ಟಿರಬಹುದು. ಒಂದೇ ಒಂದು ಪ್ಲಗಿನ್ ಹೋಗಿದ್ದರೆ ಹೆಚ್ಚಾಗಿ ಅದು ಹಳತಾಗಿರುತ್ತದೆ.

ಪ್ಲಗಿನ್ ಇದೆ, ಆದರೆ ತೆರೆದರೆ ಕಿಟಕಿ ಪೂರ್ತಿ ಕಪ್ಪು ಅಥವಾ ಬಿಳಿ. ಇದು ಹೆಚ್ಚಾಗಿ ಚಿತ್ರ ಬಿಡಿಸುವ ಕಡೆಯ ತೊಂದರೆ. ಆಡಿಯೋ ಕೆಲಸ ಮಾಡುತ್ತಲೇ ಇರುತ್ತದೆ. ತುಂಬಾ ಪ್ಲಗಿನ್‌ಗಳು ತಮ್ಮ ಗುಂಡಿಗಳನ್ನು ಓಪನ್‌ಜಿಎಲ್ ಬಳಸಿ ಬಿಡಿಸುತ್ತವೆ. ಮ್ಯಾಕ್‌ನಲ್ಲಿ ಆಪಲ್ 2018ರಿಂದಲೇ ಅದನ್ನು ಹಳತು ಅಂತ ಪಕ್ಕಕ್ಕಿಟ್ಟಿದೆ. ವಿಂಡೋಸ್‌ನಲ್ಲಾದರೆ ಗ್ರಾಫಿಕ್ಸ್ ಡ್ರೈವರ್ ಹೊಸದು ಮಾಡಿ ನೋಡಿ. ಇನ್ನು ಪ್ಲಗಿನ್ ಚೆನ್ನಾಗಿ ಓಡುತ್ತಾ, ಆಗಾಗ ಒಂದು ಭುಸ್ ಅನ್ನುವ ಸದ್ದು ಅಥವಾ ಕ್ಷಣಕಾಲ ಮೌನ ಬಂದರೆ, ಕೆಟ್ಟಿದೆ ಅಂದುಕೊಳ್ಳಬೇಡಿ. ಲೈಸೆನ್ಸ್ ಸಿಗದೆ ಡೆಮೋ ಮೋಡ್‌ಗೆ ಬಿದ್ದಿದೆ ಅಷ್ಟೇ.

ಫೋಲ್ಡರ್ ಕೂಡ ಕಣ್ಣಾರೆ ನೋಡಿ. ಮ್ಯಾಕ್‌ನಲ್ಲಿ ಲೈಬ್ರರಿ, ಅದರೊಳಗೆ ಆಡಿಯೋ, ಅದರೊಳಗೆ ಪ್ಲಗ್-ಇನ್ಸ್. ಅಲ್ಲಿ ಆಡಿಯೋ ಯೂನಿಟ್‌ಗಳು ಕಾಂಪೊನೆಂಟ್ಸ್ ಅನ್ನುವ ಫೋಲ್ಡರ್‌ನಲ್ಲಿ, ವಿಎಸ್‌ಟಿಗಳು ತಮ್ಮದೇ ಹೆಸರಿನ ಫೋಲ್ಡರ್‌ಗಳಲ್ಲಿ ಇರುತ್ತವೆ. ಇಂಥದೇ ಇನ್ನೊಂದು ಲೈಬ್ರರಿ ನಿಮ್ಮ ಹೋಂ ಫೋಲ್ಡರ್‌ನಲ್ಲಿ ಅಡಗಿದೆ. ಅಲ್ಲಿ ಹಳೆಯ ಕಾಪಿ ಉಳಿದುಬಿಟ್ಟಿದ್ದರೆ, ಹೊಸದು ಹಾಕಿದರೂ ಡಾ ಹಳೆಯದನ್ನೇ ಎತ್ತಿಕೊಳ್ಳಬಹುದು. ವಿಂಡೋಸ್‌ನಲ್ಲಿ ವಿಎಸ್‌ಟಿ 3ಕ್ಕೆ ಪ್ರೋಗ್ರಾಂ ಫೈಲ್ಸ್ ಒಳಗಿನ ಕಾಮನ್ ಫೈಲ್ಸ್‌ನಲ್ಲಿ ಗೊತ್ತಾದ ಜಾಗ ಇದೆ. ವಿಎಸ್‌ಟಿ 2ಕ್ಕೆ ಅಂಥ ಶಿಸ್ತು ಯಾವತ್ತೂ ಇರಲಿಲ್ಲ, ಒಂದೊಂದು ಇನ್‌ಸ್ಟಾಲರ್ ಒಂದೊಂದು ಕಡೆ ಎಸೆಯುತ್ತದೆ.

ಬಟನ್ ಒತ್ತುವ ಮುಂಚೆ

ಹಾಡು ಅರ್ಧದಲ್ಲಿದ್ದಾಗ ಓಎಸ್ ಮುಟ್ಟಬಾರದು. ಇದು ನನ್ನ ಮಟ್ಟಿಗೆ ಈಗ ಕಲ್ಲಿನಲ್ಲಿ ಕೆತ್ತಿದ ನಿಯಮ. ತಾನಾಗಿ ಅಪ್‌ಗ್ರೇಡ್ ಆಗುವುದನ್ನು ಆಫ್ ಮಾಡಿಡಿ. ಸಣ್ಣ ಸೆಕ್ಯುರಿಟಿ ಅಪ್‌ಡೇಟ್‌ಗಳು ಬರಲಿ, ಅವನ್ನು ತಡೆಯುವುದು ಒಳ್ಳೆಯದಲ್ಲ. ನಾನು ಹೇಳುತ್ತಿರುವುದು ವರ್ಷಕ್ಕೊಮ್ಮೆ ಬರುವ ದೊಡ್ಡದರ ಬಗ್ಗೆ. ಡಾ, ಆಡಿಯೋ ಇಂಟರ್‌ಫೇಸ್, ಪ್ಲಗಿನ್ ಕಂಪನಿಗಳು ತಮ್ಮ ಪುಟಗಳಲ್ಲಿ ಯಾವುದು ಓಡುತ್ತದೆ, ಯಾವುದು ಓಡುವುದಿಲ್ಲ ಅಂತ ಬರೆಯುತ್ತವೆ. ಅಷ್ಟು ದಿನ ಕಾದರೆ ಗಂಟೇನೂ ಹೋಗುವುದಿಲ್ಲ.

ಮುಖ್ಯವಾದ ಪ್ರಾಜೆಕ್ಟ್‌ಗಳ ಪ್ರತಿ ಟ್ರ್ಯಾಕ್ ಅನ್ನೂ ಪ್ಲಗಿನ್ ಸಮೇತ ಒಂದು ವೇವ್ ಫೈಲ್ ಆಗಿ ಬೌನ್ಸ್ ಮಾಡಿಡಿ. ಎಲ್ಲವೂ ಹಾಡಿನ ಶುರುವಿನಿಂದಲೇ ಆರಂಭವಾಗಲಿ, ಆಗ ಮುಂದೆ ಯಾವ ಡಾದಲ್ಲಿ ಹಾಕಿದರೂ ಜೋಡಿಸಿಕೊಳ್ಳುತ್ತವೆ. ಪ್ಲಗಿನ್ ಇಲ್ಲದ ಒಣ ಕಾಪಿಯೂ ಜೊತೆಗಿರಲಿ. ವೇವ್ ಫೈಲ್‌ಗೆ ಲೈಸೆನ್ಸ್ ಬೇಡ, ರೊಸೆಟಾ ಬೇಡ.

ಮ್ಯಾಕ್‌ನಲ್ಲಿ ಡಿಸ್ಕ್ ಯುಟಿಲಿಟಿಯಿಂದ ಇನ್ನೊಂದು ವಾಲ್ಯೂಮ್ ಮಾಡಿ, ಹೊಸ ಓಎಸ್ ಅನ್ನು ಅದರಲ್ಲಿ ಹಾಕಿ, ಹಳೆಯದನ್ನು ಹಾಗೇ ಬಿಟ್ಟು ಒಂದು ವಾರ ಪರೀಕ್ಷೆ ಮಾಡಬಹುದು. ನೇರವಾಗಿ ಹಾಕಿಬಿಟ್ಟರೆ ಹಿಂದಕ್ಕೆ ಬರಲು ಡಿಸ್ಕ್ ಅಳಿಸಿ ಮೊದಲಿಂದ ಶುರು ಮಾಡಬೇಕು. ವಿಂಡೋಸ್ 11 ಸಾಮಾನ್ಯವಾಗಿ 10 ದಿನ ಅವಕಾಶ ಕೊಡುತ್ತದೆ, ಅಷ್ಟರೊಳಗೆ ಸೆಟ್ಟಿಂಗ್ಸ್‌ನಿಂದಲೇ ಹಿಂದಿನ ಆವೃತ್ತಿಗೆ ಮರಳಬಹುದು. ಹಾಗಾಗಿ ಮೊದಲ ದಿನವೇ ಹಳೆಯ ಪ್ರಾಜೆಕ್ಟ್‌ಗಳನ್ನು ಒಂದೊಂದಾಗಿ ತೆರೆದು ನೋಡಿ, ಹನ್ನೊಂದನೆಯ ದಿನ ಅಲ್ಲ.

ನಾನು ಇದ್ಯಾವುದನ್ನೂ ಮಾಡಿರಲಿಲ್ಲ. ಅದೃಷ್ಟಕ್ಕೆ, ಹಾಡುಗಾರನಿಗೆ ಕೇಳಿಸಲು ಒಂದು ಎಂಪಿ3 ಕಳಿಸಿದ್ದೆ. ಅದನ್ನು ಒಂದು ಟ್ರ್ಯಾಕ್‌ನಲ್ಲಿ ಹಾಕಿ, ಒಂದು ಸಾಲಿನ ಕೊನೆಯ ಸ್ವರ ನಿಂತ ಮೇಲೆ ರೀವರ್ಬ್‌ನ ಬಾಲ ಎಷ್ಟು ಹೊತ್ತು ಎಳೆಯುತ್ತದೆ ಅಂತ ಹೆಡ್‌ಫೋನ್‌ನಲ್ಲಿ ಕೇಳುತ್ತಾ, ಹೊಸ ರೀವರ್ಬ್‌ನ ಗುಂಡಿ ತಿರುಗಿಸುತ್ತಾ ಕೂತೆ. ಸರಿಹೋಗುವಷ್ಟರಲ್ಲಿ ಸಂಜೆ. ಈಗ ಆ ಟ್ರ್ಯಾಕ್‌ನ ನೋಟ್ಸ್ ಜಾಗದಲ್ಲಿ ಬರೆದಿದ್ದೇನೆ: ಡಿಕೇ 2.4 ಸೆಕೆಂಡ್, ಪ್ರಿ-ಡಿಲೇ 28 ಮಿಲಿಸೆಕೆಂಡ್, ವೆಟ್ 18.